ದಿವಾರ್ ದ್ವೀಪಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೋವಾಕ್ಕೆ ಹೋಗಿ ಬಂದೆ ಅಂದರೆ ಬೆಳಗಾವಿಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಮಗದು ಪಕ್ಕದ ಮನೆ. ಆದರೆ "ದಿವಾರ್ ದ್ವೀಪದಲ್ಲಿ ಎರಡು ದಿನ ಇದ್ದೆ" ಅಂದರೆ ಸಾಕು, ಪ್ರಶ್ನೆಗಳು ಶುರು. ಖಡೇಬಜಾರಿನ ಚಹಾದಂಗಡಿ, ಆಫೀಸಿನ ಊಟದ ಬಿಡುವು, ಬಾಗಲಕೋಟೆಯ ನೆಂಟರ ಮದುವೆ ಮನೆ, ವಿಜಯಪುರದ ಗೆಳೆಯರ ಫೋನು, ಎಲ್ಲಾ ಕಡೆ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅವರು ಕೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ.

## ಮೊದಲ ಸಲ ಹೆಸರು ಕೇಳಿದವರಿಗೆ

ದಿವಾರ್ ಅಂದ್ರ ಎಲ್ಲಿ ಬರ್ತದ್ರಿ? ಸಮುದ್ರದಾಗೇನು?

ಸಮುದ್ರದಲ್ಲಲ್ಲ, ಮಾಂಡವಿ ನದಿಯಲ್ಲಿ. ಹಳೇ ಗೋವಾದ ದೊಡ್ಡ ಚರ್ಚುಗಳ ಹಿಂದೆ ಹೊಳೆ ಇದೆಯಲ್ಲ, ಅದರ ಆಚೆ ದಡದಲ್ಲಿ ಕಾಣುವ ಹಸಿರು ಗುಡ್ಡವೇ ದಿವಾರ್. ಸಮುದ್ರ ಹತ್ತಿರವೇ ಇರುವುದರಿಂದ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ನೀರು ಉಪ್ಪು. ನಕ್ಷೆಯಲ್ಲಿ ದಿವಾರ್ ಅಂತಿದೆ, ಅಲ್ಲಿನವರು ಕೊಂಕಣಿಯಲ್ಲಿ ದಿವಾಡಿ ಅನ್ನುತ್ತಾರೆ. ಪಿಯೇದಾದ್, ಮಲಾರ್, ನಾರ್ವೆ ಅಂತ ಊರುಗಳಿವೆ. ಸೇತುವೆ ಇಲ್ಲ, ಫೆರಿಯಲ್ಲೇ ದಾಟಬೇಕು.

ಬೀಚ್ ಐತೇನ್ರಿ? ಹುಡುಗರು ನೀರಾಗ ಆಡ್ಬೇಕಂತಾರ.

ಇಲ್ಲ. ಮರಳೇ ಇಲ್ಲ, ದಡದ ತುಂಬ ಕೆಸರು ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಗಿಡ. ಹೊಳೆಗೆ ಇಳಿಯುವ ಯೋಚನೆಯನ್ನೂ ಮಾಡಬೇಡಿ. ಸೆಳೆತ ಜೋರು, ಜೊತೆಗೆ ಪಕ್ಕದ ಕುಂಭಾರಜುವಾ ಕಾಲುವೆಯಲ್ಲಿ ಮೊಸಳೆಗಳಿವೆ. ತಮಾಷೆಗೆ ಹೇಳುತ್ತಿಲ್ಲ. ಹುಡುಗರು ನೀರಿಗೇ ಹಟ ಹಿಡಿದರೆ ಒಂದು ದಿನ ಮಿರಾಮಾರ್ ಅಥವಾ ಕಲಂಗುಟ್‌ಗೆ ಇಟ್ಟುಬಿಡಿ, ದಿವಾರ್‌ಗೆ ಇನ್ನೊಂದು ದಿನ.

ಬೀಚ್ ಇಲ್ಲ ಅಂದಮ್ಯಾಲೆ ಅಷ್ಟು ದೂರ ಹೋಗಿ ನೋಡೋದಾರ ಏನು?

ಊರು ನೋಡುವುದು. ಇದನ್ನು ಕೇಳಿ ಸುಮಾರು ಜನ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಆದರೆ ಬೆಳಿಗ್ಗೆ ಆರೂವರೆಗೆ ಪೊದೇರ್, ಅಂದರೆ ಪಾವ್ ಮಾರುವವ, ಸೈಕಲ್ ಮೇಲೆ ಬಿಸಿ ಪಾವಿನ ಬುಟ್ಟಿ ಕಟ್ಟಿಕೊಂಡು ಪೊಂಪ್ ಪೊಂಪ್ ಅಂತ ಹಾರ್ನ್ ಒತ್ತುತ್ತಾ ಬರುತ್ತಾನೆ. ಒಂದೊಂದೇ ಮನೆಯ ಬಾಗಿಲು ತೆರೆಯುತ್ತದೆ. ರಾತ್ರಿ ಉಟ್ಟ ಗೌನಿನಲ್ಲೇ ಅಜ್ಜಿ ಹೊರಗೆ ಬಂದು, ಪಾವನ್ನು ಒತ್ತಿ ನೋಡಿ, ಎರಡು ವಾಪಸ್ ಇಟ್ಟು, ಬೇರೆ ಎರಡು ಆರಿಸಿಕೊಳ್ಳುತ್ತಾಳೆ. ನಮ್ಮ ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೇ. ಆ ಗೋವಾ ಬೀಚಿನಲ್ಲಿ ಸಿಗುವುದಿಲ್ಲ.

ಜೊತೆಗೆ ಗುಡ್ಡದ ಮೇಲಿನ ಚರ್ಚು, ದೇವರೇ ಊರು ಬಿಟ್ಟುಹೋದ ಒಂದು ಜಾಗ, ಉಪ್ಪು ನೀರನ್ನು ತಡೆದು ಭತ್ತ ಬೆಳೆಯುವ ಗದ್ದೆ. ಎಲ್ಲಾ ಕೆಳಗೆ ಬರುತ್ತದೆ.

ಯಾವಾಗ ಹೋದ್ರ ಚಲೋ?

ನವೆಂಬರಿನಿಂದ ಫೆಬ್ರವರಿ ಆರಾಮ. ನನ್ನ ಆಯ್ಕೆ ಮಾತ್ರ ಆಗಸ್ಟ್ ಕೊನೆ, ಸೆಪ್ಟೆಂಬರ್. ಗದ್ದೆಗಳು ಕಣ್ಣು ಕುಕ್ಕುವಷ್ಟು ಹಸಿರು. ಆದರೆ ಚೋರ್ಲಾ ಘಾಟಿನಲ್ಲಿ ಮಂಜು, ಗುಂಡಿ, ಕೆಲವೊಮ್ಮೆ ಗುಡ್ಡ ಕುಸಿತ, ಎಲ್ಲಾ ಇರುತ್ತದೆ. ಏಪ್ರಿಲ್, ಮೇ ಬೇಡ. ನಮ್ಮ ಬಿಸಿಲು ಒಣ ಬಿಸಿಲು, ತಡೆದುಕೊಳ್ಳಬಹುದು. ಅಲ್ಲಿ ಸುಮ್ನೆ ಕೂತರೂ ಅಂಗಿ ಹಿಂಡಬೇಕು.

## ದಾರಿ ಮತ್ತು ಫೆರಿ

ಬೆಳಗಾವಿಯಿಂದ ಯಾವ ದಾರಿ? ಪಣಜಿಗೆ ಹೋಗಿನೇ ಹೋಗ್ಬೇಕಾ?

ಬೇಡ. ಹೆಚ್ಚಿನವರು ತಪ್ಪುವುದು ಇಲ್ಲೇ. ದಿವಾರ್‌ಗೆ ಮೂರು ಕಡೆಯಿಂದ ಫೆರಿ ಇದೆ: ಹಳೇ ಗೋವಾ, ರಿಬಂದರ್ ಮತ್ತು ಡಿಚೋಲಿ ತಾಲೂಕಿನ ನಾರ್ವೆ (ದ್ವೀಪದಲ್ಲೂ ಇದೇ ಹೆಸರಿನ ಊರಿದೆ, ಇದು ಆಚೆ ದಡದ್ದು). ಎಲ್ಲರೂ ಪಣಜಿ ಸುತ್ತಿ ಹಳೇ ಗೋವಾಕ್ಕೆ ಹೋಗಿ ಅಲ್ಲಿಂದ ದಾಟುತ್ತಾರೆ. ಆದರೆ ಘಾಟಿನಿಂದ ಇಳಿದು ಬರುವ ನಮಗೆ ನಾರ್ವೆಯೇ ಹತ್ತಿರ.

ಬೆಳಗಾವಿ, ಜಾಂಬೋಟಿ, ಕಣಕುಂಬಿ, ಚೋರ್ಲಾ, ಕೇರಿ, ಸಾಖಳಿ, ಡಿಚೋಲಿ, ನಾರ್ವೆ. ನೂರು ಕಿಲೋಮೀಟರ್ ಆಸುಪಾಸು. ಮೂರು ಗಂಟೆ ಇಟ್ಟುಕೊಳ್ಳಿ, ಮಳೆಗಾಲವಾದರೆ ಇನ್ನೂ ಒಂದು. ಕಣಕುಂಬಿಯಲ್ಲಿ ಚಹಾಕ್ಕೆ ನಿಂತಾಗ ಮಾವುಲಿ ಗುಡಿಗೆ ಹೋಗಿ ಬನ್ನಿ. ಮಲಪ್ರಭೆ ಹುಟ್ಟುವುದು ಅಲ್ಲೇ. ಬಾಗಲಕೋಟೆಯವರು ಕೂಡಲಸಂಗಮದಲ್ಲಿ ಕೈಮುಗಿಯುವ ಹೊಳೆ ಇಲ್ಲಿ ಸಣ್ಣ ಕುಂಡದಲ್ಲಿದೆ.

ನನ್ನ ಸಲಹೆ ಇಷ್ಟೇ: ನಾರ್ವೆಯಿಂದ ಒಳಗೆ ಹೋಗಿ, ಹಳೇ ಗೋವಾದಿಂದ ಹೊರಗೆ ಬನ್ನಿ. ಯಾಕೆ ಅಂತ ಸಪ್ತಕೋಟೀಶ್ವರನ ಪ್ರಶ್ನೆಯಲ್ಲಿ ಹೇಳುತ್ತೇನೆ.

ವಿಜಯಪುರ, ಬಾಗಲಕೋಟಿಯವರು ಗಾಡಿ ಇಲ್ಲದ ಹೆಂಗ ಹೋಗ್ಬೇಕ್ರಿ?

ಬೆಳಗಾವಿಗೆ ಬಂದು ಒಂದು ರಾತ್ರಿ ಉಳಿದು ಹೋಗುವುದು ಒಳ್ಳೆಯದು. ಒಂದೇ ಉಸಿರಿನಲ್ಲಿ ಹೋದರೆ ಘಾಟು ಕತ್ತಲಲ್ಲಿ ಸಿಗುತ್ತದೆ. ಬೆಳಗಾವಿಯಿಂದ ಪಣಜಿಗೆ ನಮ್ಮ ವಾಯವ್ಯ ಸಾರಿಗೆ ಬಸ್ಸೂ ಇದೆ, ಗೋವಾದ ಕದಂಬ ಬಸ್ಸೂ ಇದೆ. ಪಣಜಿಯಿಂದ ಹಳೇ ಗೋವಾಕ್ಕೆ ಹತ್ತು ಕಿಲೋಮೀಟರ್, ಲೋಕಲ್ ಬಸ್ ಬರುತ್ತಲೇ ಇರುತ್ತದೆ. ಅಲ್ಲಿಂದ ಧಕ್ಕೆಗೆ ನಡೆದೇ ಹೋಗಬಹುದು.

ರೈಲು ಇಷ್ಟವಾದರೆ ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹೋಗುತ್ತದೆ. ದೂಧಸಾಗರ ಕಾಣುವ ದಾರಿ. ಮಡಗಾಂವಿನಲ್ಲಿ ಇಳಿದು ಪಣಜಿ ಬಸ್ ಹಿಡಿಯಬೇಕು, ಸುತ್ತು ಜಾಸ್ತಿ.

ಕಾರು ಫೆರಿ ಮ್ಯಾಲೆ ಹತ್ತಸಾಕ ಅಂಜಿಕಿ ಆಗ್ತದ. ಏನಾರ ಆದ್ರ?

ಅಂಜಿಕೆ ನನಗೂ ಇತ್ತು. ಫೆರಿ ಅಂದರೆ ಚಪ್ಪಟೆ ಕಬ್ಬಿಣದ ದೋಣಿ. ದಡಕ್ಕೆ ಬಂದ ಕೂಡಲೇ ಮುಂದಿನ ದೊಡ್ಡ ಹಲಗೆ ಸರಪಳಿ ಬಿಟ್ಟು ಧಡ್ ಅಂತ ಕಾಂಕ್ರೀಟಿನ ಮೇಲೆ ಬೀಳುತ್ತದೆ. ಬೈಕಿನವರು ಬ್ರೇಕ್ ಹಿಡಿದು ಒಂಟಿ ಕಾಲಿನಲ್ಲಿ ಕಾಯುತ್ತಿರುತ್ತಾರೆ, ಹಲಗೆ ಬೀಳುವುದೇ ತಡ ನುಗ್ಗುತ್ತಾರೆ. ಕಾರಿಗೆ ಫೆರಿಯವರು ಕೈ ಮಾಡಿ ಜಾಗ ತೋರಿಸುತ್ತಾರೆ. ಅವರ ಕೈ ನೋಡಿ, ಹಿಂದೆ ಹಾರ್ನ್ ಹೊಡೆಯುವವನ ಮಾತು ಕೇಳಬೇಡಿ.

ಮೊದಲ ಸಲ ನಾನು ಆ ಹಾರ್ನಿಗೆ ಗಾಬರಿಯಾದೆ. ಇಳಿತದ ಹೊತ್ತು, ನೀರು ಕೆಳಗಿತ್ತು. ಧಕ್ಕೆಯ ಇಳಿಜಾರು ಮತ್ತು ಹಲಗೆ ಸೇರುವ ಕಡೆ ಮೂಲೆ ಚೂಪಾಗಿತ್ತು. ಅವಸರದಲ್ಲಿ ಏರಿಸಿದೆ, ಬಂಪರಿನ ಕೆಳಗೆ ಕರ್ ಅಂತ ಸದ್ದು. ಆ ಗೀಚು ಇನ್ನೂ ಇದೆ. ನೆಲಕ್ಕೆ ಹತ್ತಿರವಿರುವ ಕಾರಾದರೆ ನೀರು ಏರಿದ ಹೊತ್ತು ನೋಡಿ, ಇಲ್ಲವೇ ಜನರನ್ನು ಇಳಿಸಿ ಖಾಲಿ ಕಾರು ನಿಧಾನಕ್ಕೆ ಏರಿಸಿ. ಹತ್ತಿದ ಮೇಲೆ ಗೇರಿನಲ್ಲಿ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊಳೆ ದಾಟುವುದಕ್ಕೆ ಕೆಲವೇ ನಿಮಿಷ.

ಟಿಕೆಟ್ ಎಷ್ಟು? ರಾತ್ರಿ ತನಕ ಇರ್ತದಾ?

ನಡೆದು ಹೋಗುವವರಿಗೆ ಪುಕ್ಕಟೆ. ಕಾರಿಗೆ ಸಣ್ಣ ಶುಲ್ಕ, ಚಿಲ್ಲರೆ ಇಟ್ಟುಕೊಳ್ಳಿ. ಕೊನೆಯ ಫೆರಿ ಎಷ್ಟಕ್ಕೆ ಅಂತ ಹತ್ತುವಾಗಲೇ ಫೆರಿಯವರನ್ನು ಕೇಳಿಬಿಡಿ. ಮೊಬೈಲಿನಲ್ಲಿ ನೋಡಿದ ಸಮಯ ನಂಬಿ ಧಕ್ಕೆಯಲ್ಲಿ ಸೊಳ್ಳೆ ಹೊಡೆಯುತ್ತಾ ಕೂತವರನ್ನು ನೋಡಿದ್ದೇನೆ.

## ಊಟ, ವಸತಿ, ಮಾತುಕತೆ

ನಾವು ಮೀನು ಮುಟ್ಟಂಗಿಲ್ಲ. ಉಪವಾಸ ಇರ್ಬೇಕಾಗ್ತದೇನು?

ಉಪವಾಸ ಇಲ್ಲ, ಆಯ್ಕೆ ಕಮ್ಮಿ. ಸಣ್ಣ ಚಹಾದಂಗಡಿಗಳಲ್ಲಿ ಪಾವ್ ಭಾಜಿ ಸಿಗುತ್ತದೆ. ಮುಂಬೈ ಪಾವ್‌ಭಾಜಿ ಅಂತ ತಿಳಿಯಬೇಡಿ. ಇದು ಬಟಾಟೆ ಅಥವಾ ಅಳಸಂದೆಯ ತೆಳು ಪಲ್ಯ, ಜೊತೆಗೆ ಪಾವ್ ಮತ್ತು ಮೆಣಸಿನಕಾಯಿ ಭಜಿ. ಎರಡು ಪ್ಲೇಟು ತಿಂದರೆ ಮಧ್ಯಾಹ್ನದವರೆಗೆ ಚಿಂತೆ ಇಲ್ಲ. ಗೋದಿ ತೌಡು ಹಾಕಿದ 'ಪೊಯಿ' ಅನ್ನುವ ರೊಟ್ಟಿಯಂಥ ಬ್ರೆಡ್ಡು ಕೇಳಿ ನೋಡಿ. ಶೇಂಗಾ ಚಟ್ನಿ, ಮೊಸರು ಜೊತೆಗೆ ಅದನ್ನು ತಿನ್ನುವುದು ನಮ್ಮ ಮನೆಯ ಆವಿಷ್ಕಾರ. ಖಡಕ್ ರೊಟ್ಟಿ ಕಟ್ಟಿಕೊಂಡು ಹೋದರೂ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ, ಅಲ್ಲಿನ ಗಾಳಿಯೇ ಹಾಗೆ. ಡಬ್ಬಿಯ ಮುಚ್ಚಳ ಬಿಗಿ ಇರಲಿ.

ರಾತ್ರಿ ಉಳಿಯಬಹುದಾ? ಹೋಟೆಲ್ ಇವೆಯಾ?

ದೊಡ್ಡ ಹೋಟೆಲುಗಳ ಸಾಲು ನಿರೀಕ್ಷಿಸಬೇಡಿ. ಹಳೆಯ ಮನೆಗಳಲ್ಲಿ ಕೋಣೆ ಕೊಡುವವರಿದ್ದಾರೆ, ಮೊದಲೇ ಮಾತಾಡಿಕೊಂಡು ಹೋಗಬೇಕು. ಒಂದು ರಾತ್ರಿಯಾದರೂ ಉಳಿಯಿರಿ. ಸಂಜೆಯ ಫೆರಿಯಲ್ಲಿ ಪ್ರವಾಸಿಗರು ಹೋದ ಮೇಲೆಯೇ ಊರು ತನ್ನ ಪಾಡಿಗೆ ಉಸಿರಾಡುವುದು.

ಭಾಷೆ ಹೆಂಗ? ಕನ್ನಡ ನಡೀತದಾ?

ಊರಿನ ಮಾತು ಕೊಂಕಣಿ. ಹಿಂದಿ, ಮರಾಠಿ, ಇಂಗ್ಲಿಷ್ ನಡೆಯುತ್ತದೆ. ಬೆಳಗಾವಿಯವರಿಗೆ ಮರಾಠಿ ಹೇಗೂ ಬರುತ್ತದೆ ಅಲ್ವಾ. ಕನ್ನಡ ಕೇಳಿಸುವುದು ಕೆಲಸಕ್ಕೆ ಬಂದ ನಮ್ಮ ಜನರ ಬಾಯಲ್ಲಿ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ದುಡಿಯಲು ಹೋದವರು ಗೋವಾದ ಎಲ್ಲಾ ಕಡೆ ಇದ್ದಾರೆ. ಒಂದು ಸಲ ಫೆರಿಯಲ್ಲಿ ನಾವು ನಮ್ಮ ನಮ್ಮಲ್ಲೇ ಮಾತಾಡುತ್ತಿದ್ದೆವು. ಸಿಮೆಂಟಿನ ಬುಟ್ಟಿ ತಲೆಕೆಳಗು ಮಾಡಿ ಅದರ ಮೇಲೆ ಕೂತಿದ್ದ ಹೆಣ್ಣುಮಗಳು ತಟ್ಟನೆ ಕೇಳಿದಳು: "ಯಾವೂರಾವ್ರಿ ಯಣ್ಣಾ? ಮಳಿ ಆತೇನು ಆ ಕಡೆ?" ಇಂಡಿ ತಾಲೂಕಿನವಳಂತೆ. ಇಳಿಯುವ ತನಕ ತೊಗರಿಯದೇ ಮಾತು. ನಮ್ಮಂಥವರು ದ್ವೀಪ ನೋಡಲು ಬಂದಿದ್ದೇವೆ ಅಂದಾಗ ನಕ್ಕಳು. "ಏನೈತಿ ನೋಡೂದು ಇಲ್ಲಿ" ಅಂದಳು.

ಮನೆಗಳ ಮುಂದ ಫೋಟೋ ತಗೀಬಹುದಾ?

ಕೇಳಿ ತೆಗೆಯಿರಿ. ಬಣ್ಣ ಬಣ್ಣದ ಮನೆ, ಚಿಪ್ಪಿನ ಕಿಟಕಿ, ಮುಂದೆ ಕಟ್ಟೆ ಇರುವ ಬಲ್ಕಾಂವ್, ನಿಜ, ಚೆಂದ. ಆದರೆ ಆ ಕಟ್ಟೆ ಮೇಲೆ ಹತ್ತಿ ಕೂತು ರೀಲ್ಸ್ ಮಾಡಿದರೆ ಯಾರು ಸುಮ್ಮನಿರುತ್ತಾರೆ? ನಮ್ಮ ಮನೆಯ ಪಡಸಾಲೆಗೆ ಯಾರೋ ಬಂದು ಕುಣಿದರೆ ನಾವು ಬಿಡುತ್ತೇವಾ?

## ನೋಡುವ ಜಾಗಗಳು

ಒಂದು ದಿನ ಇದ್ರ ಯಾವುದು ಬಿಡಬಾರದು?

ಪಿಯೇದಾದ್ ಗುಡ್ಡ. ಮೇಲೆ ಕರುಣೆಯ ಮಾತೆಯ ಬಿಳಿ ಚರ್ಚಿದೆ. ಅದರ ಮುಂದೆ ನಿಂತರೆ ಕೆಳಗೆ ಗದ್ದೆ, ಆಚೆ ಮಾಂಡವಿ, ಅದರಾಚೆ ತೆಂಗಿನ ನಡುವೆ ಹಳೇ ಗೋವಾದ ಗೋಪುರಗಳು. ಅಷ್ಟಕ್ಕೇ ಇಳಿದು ಬರಬೇಡಿ. ಹತ್ತಿರದ ಸ್ಮಶಾನದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಒಳಗೆ ಹೋಗಿ ತಲೆ ಎತ್ತಿ ನೋಡಿ. ಕೆತ್ತನೆಯ ಕಲ್ಲಿನ ಚಾವಣಿ, ನಮ್ಮ ಹಳೆಯ ಗುಡಿಗಳಲ್ಲಿ ನೋಡಿದಂಥದ್ದೇ. ಮೊದಲು ಅಲ್ಲಿದ್ದದ್ದು ಕದಂಬರ ಕಾಲದ ಗುಡಿ, ಗಣಪತಿಯದು ಅನ್ನುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಆ ಗಣಪತಿ ಹೊಳೆ ದಾಟಿ ಹೋಗಿ ಈಗ ಖಾಂಡೋಳಾದಲ್ಲಿದ್ದಾನೆ. ಬೀಗ ಹಾಕಿದ್ದರೆ ಚರ್ಚಿನಲ್ಲಿ ವಿನಯವಾಗಿ ಕೇಳಿ.

ಸಪ್ತಕೋಟೀಶ್ವರ ದ್ವೀಪದಾಗ ಇದಾನೋ, ಹೊರಗ ಇದಾನೋ? ಒಬ್ಬೊಬ್ಬರು ಒಂದೊಂದು ಹೇಳ್ತಾರ.

ಮೊದಲು ಒಳಗಿದ್ದ, ಈಗ ಹೊರಗಿದ್ದಾನೆ.

ಸಪ್ತಕೋಟೀಶ್ವರ ಗೋವಾ ಕದಂಬರ ಮನೆದೇವರು. ಗುಡಿ ಇದ್ದದ್ದು ದಿವಾರ್‌ನ ನಾರ್ವೆಯಲ್ಲಿ. 14ನೇ ಶತಮಾನದಲ್ಲಿ ಬಹಮನಿ ಸೈನ್ಯ ಅದನ್ನು ಕೆಡವಿತು. ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಮತ್ತೆ ಕೆಡವಿದರು. ಲಿಂಗವನ್ನು ಬಾವಿಯ ನೀರು ಸೇದುವ ಕಡೆ ಬಳಸುತ್ತಿದ್ದರು, ಭಕ್ತರು ಅದನ್ನು ಗುಟ್ಟಾಗಿ ಹೊಳೆ ದಾಟಿಸಿದರು ಅಂತ ಹೇಳಿಕೆ. ಆಚೆ ದಡ ಆಗ ಪೋರ್ಚುಗೀಸರ ಕೈಯಲ್ಲಿರಲಿಲ್ಲ. ಅಲ್ಲಿ ದೇವರು ನೆಲೆನಿಂತ, ಆ ಊರಿಗೂ ನಾರ್ವೆ ಅಂತಲೇ ಹೆಸರು. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿ ಗುಡಿ ಕಟ್ಟಿಸಿದರು, ಬಾಗಿಲ ಮೇಲೆ ಶಾಸನ ಇದೆ. 2023ರಲ್ಲಿ ದುರಸ್ತಿ ಮುಗಿದು ಗುಡಿ ಹೊಸ ಕಳೆ ಪಡೆದಿದೆ. ಮುಂದೆ ದೀಪಸ್ತಂಭ, ಮೇಲೆ ಗುಮ್ಮಟ. ವಿಜಯಪುರದವರಿಗೆ ಆ ಗುಮ್ಮಟ ಪರಕೀಯ ಅನಿಸುವುದಿಲ್ಲ.

ನಾರ್ವೆಯಿಂದ ಒಳಗೆ ಹೋಗಿ ಅಂದದ್ದು ಇದಕ್ಕೇ. ಮೊದಲು ಈಗಿನ ಗುಡಿ ನೋಡಿ. ಆಮೇಲೆ ಫೆರಿ ಹತ್ತಿ. ದೇವರು ಓಡಿಬಂದ ದಾರಿಯಲ್ಲೇ ನೀವು ಹಿಂದಕ್ಕೆ ಹೋಗುತ್ತೀರಿ. ದ್ವೀಪದ ಕಡೆ ಕೋಟಿತೀರ್ಥ ಅನ್ನುವ ಹಳೆಯ ಕೆರೆಯ ಉಳಿಕೆ ಇದೆ, ಕಲ್ಲಿನ ಮೆಟ್ಟಿಲು, ದೇವರಿಲ್ಲದ ಗೂಡುಗಳು. ಹಳೇ ಗೋವಾ ಕಡೆಯಿಂದ ಬಂದವರಿಗೆ ಅದು ಸುಮ್ನೆ ಒಂದು ಹಳೆಯ ಹೊಂಡ.

ಹೊಳೀ ನೀರು ಉಪ್ಪು ಅಂತೀರಿ. ಮತ್ತ ಭತ್ತ ಹೆಂಗ ಬೆಳೀತದ?

ಈ ಪ್ರಶ್ನೆ ಕೇಳುವುದು ಯಾವಾಗಲೂ ರೈತರೇ, ಅದಕ್ಕೇ ನನಗೆ ಇಷ್ಟ. ದಿವಾರ್‌ನ ತಗ್ಗು ಗದ್ದೆಗಳಿಗೆ ಖಾಜನ್ ಅನ್ನುತ್ತಾರೆ. ಕುಮಟಾ ಕಡೆಯ ಗಜನಿ ಗದ್ದೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಹೊಳೆಯ ಅಂಚಿಗೆ ಮಣ್ಣಿನ ಒಡ್ಡು. ನಮ್ಮ ಹೊಲದಲ್ಲಿ ಒಡ್ಡು ಹಾಕುವುದು ಮಳೆನೀರು ಓಡಿಹೋಗದಿರಲಿ ಅಂತ. ಅಲ್ಲಿ ಹಾಕುವುದು ನೀರು ಒಳಗೆ ಬಾರದಿರಲಿ ಅಂತ.

ಒಡ್ಡಿನಲ್ಲಿ ಅಲ್ಲಲ್ಲಿ ಮರದ ಕದವಿರುವ ತೂಬು. ಅದಕ್ಕೆ ಮಾನಸ ಅನ್ನುತ್ತಾರೆ. ಭರತದಲ್ಲಿ ಹೊಳೆ ಏರಿದರೆ ಆ ಒತ್ತಡಕ್ಕೇ ಕದ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ಹೊಳೆ ತಗ್ಗಿದರೆ ಒಳಗಿನ ನೀರು ಕದ ತಳ್ಳಿಕೊಂಡು ಹೊರಗೆ ಹೋಗುತ್ತದೆ. ಕರೆಂಟಿಲ್ಲ, ಮೋಟರಿಲ್ಲ. ಮಳೆಗಾಲದಲ್ಲಿ ಮೇಲಿನ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆಯುತ್ತದೆ, ಆಗ ಕೊರ್ಗುಟ್ ಅನ್ನುವ ಉಪ್ಪು ತಡೆಯುವ ಭತ್ತ ಹಾಕುತ್ತಾರೆ. ತೂಬಿನ ಬಾಯಲ್ಲಿ ಬಲೆ ಕಟ್ಟಿ ಮೀನು, ಸಿಗಡಿ ಹಿಡಿಯುತ್ತಾರೆ, ಅದರ ಹಕ್ಕು ಹರಾಜಾಗುತ್ತದೆ. ಒಡ್ಡು ನೋಡಿಕೊಳ್ಳುವುದಕ್ಕೆ ಊರಿನ ಗಾಂವಕಾರಿ ಪದ್ಧತಿ ಇತ್ತು, ಪೋರ್ಚುಗೀಸರು ಅದನ್ನೇ ಕೊಮುನಿದಾದ್ ಅಂತ ಕರೆದರು. ಈಗ ಬೇಸಾಯಕ್ಕೆ ಜನ ಕಮ್ಮಿ, ಒಡ್ಡು ಒಡೆದ ಕಡೆ ಕಾಂಡ್ಲಾ ಎದ್ದಿದೆ. ಒಂದು ಗದ್ದೆಗೆ ಉಪ್ಪು ನುಗ್ಗಿದರೆ ಪಕ್ಕದವನದ್ದೂ ಹೋಯಿತು. ಕೂಡಿ ಮಾಡಿದರೆ ಮಾತ್ರ ನಡೆಯುವ ಬೇಸಾಯ ಇದು.

ಬೊಂದೆರಾಂ ಹಬ್ಬ ಅಂತಾರಲ್ಲ, ಅದು ಏನು?

ಆಗಸ್ಟಿನ ನಾಲ್ಕನೇ ಶನಿವಾರ ನಡೆಯುವ ಬಾವುಟದ ಹಬ್ಬ. ಹಿಂದೆ ಎರಡು ಕೇರಿಗಳ ನಡುವೆ ಗಡಿ ಜಗಳ ಇತ್ತಂತೆ. ಪೋರ್ಚುಗೀಸರು ಗಡಿಗೆ ಬಾವುಟ ನೆಟ್ಟರು. ಜನ ಅದನ್ನೇ ಬೀಳಿಸತೊಡಗಿದರು. ಈಗ ಜಗಳ ಆಟವಾಗಿದೆ. ಬಿದಿರಿನ 'ಫೊಟಾಶ್' ಕೊಳವೆಯಲ್ಲಿ ಕಾಯಿ ಇಟ್ಟು ಫಟ್ ಅಂತ ಹೊಡೆಯುತ್ತಾರೆ. ಮೆರವಣಿಗೆ, ಬ್ಯಾಂಡು, ಜನಸಾಗರ. ಗಡಿ ಜಗಳ ಅಂದರೆ ಬೆಳಗಾವಿಯವರು ಮುಗುಳ್ನಗುತ್ತಾರೆ, ಗೊತ್ತು. ಆ ದಿನ ಕಾರು ಒಯ್ಯಬೇಡಿ, ಫೆರಿ ಸಾಲಿನಲ್ಲೇ ಹಬ್ಬ ಮುಗಿಯುತ್ತದೆ.

ಗದ್ದಲ ಬೇಡ ಅನ್ನುವವರಿಗೆ ಕ್ರೈಸ್ತರ ಉಪವಾಸದ ಕಾಲ (ಲೆಂಟ್) ಶುರುವಾಗುವ ಮುಂಚಿನ ಮೂರು ದಿನದ ಪೊಟೇಕಾರ್ ಇದೆ. ಮುಖವಾಡ, ಹರಕು ಬಟ್ಟೆ, ಸೊಂಟಕ್ಕೆ ಗಂಟೆ ಕಟ್ಟಿಕೊಂಡವರು ಕೇರಿಯಲ್ಲಿ ಹುಡುಗರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ನಮ್ಮ ಹೋಳಿಯ ಸೋಗಿನ ನೆನಪಾಯಿತು.

ಹಕ್ಕಿ ನೋಡೋಕೆ ಇದೇ ದ್ವೀಪಾನಾ?

ಅಲ್ಲ, ಪಕ್ಕದ ಚೊಡಣ. ಸಲೀಂ ಅಲಿ ಪಕ್ಷಿಧಾಮ ಅಲ್ಲಿದೆ, ರಿಬಂದರಿನಿಂದ ಬೇರೆ ಫೆರಿ. ಬೆಳಿಗ್ಗೆ ಬೇಗ ಹೋಗಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಗೋವಾ ಕದಂಬರಿಗೂ ನಮ್ಮ ಜಿಲ್ಲೆಗೂ ಏನು ಸಂಬಂಧ?

ಹತ್ತಿರದ ಸಂಬಂಧ. ಬನವಾಸಿ ಕದಂಬರ ಕಾಲದಿಂದಲೂ ರಾಜಧಾನಿಯ ಮರ್ಯಾದೆ ಇದ್ದ ಹಲಸಿ, ಅಂದರೆ ಪಲಾಶಿಕಾ, ಇರುವುದು ಖಾನಾಪುರ ತಾಲೂಕಿನಲ್ಲಿ. ಗೋವಾ ಕದಂಬರು ಆ ಕಡೆ ಕಡಲನ್ನೂ ಈ ಕಡೆ ಹಲಸಿಯನ್ನೂ ಆಳಿದರು. ಹಲಸಿಯ ಭೂವರಾಹ ನರಸಿಂಹ ಗುಡಿಯಲ್ಲಿ ಎದುರುಬದುರು ಎರಡು ಗರ್ಭಗುಡಿಗಳಿವೆ. ಕಿತ್ತೂರಿನ ಹತ್ತಿರ ದೇಗಾಂವಿಯ ಕಮಲನಾರಾಯಣ ಗುಡಿ ಕಟ್ಟಿಸಿದ್ದು ಇದೇ ಮನೆತನದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ, 12ನೇ ಶತಮಾನದಲ್ಲಿ. ಇವರ ಚಿನ್ನದ ನಾಣ್ಯದ ಮೇಲೆ ಸಿಂಹದ ಜೊತೆ "ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ" ಅಂತ ಇರುತ್ತಿತ್ತು. ಅಂದರೆ ಆ ದ್ವೀಪದ ದೇವರ ಹೆಸರು ನಮ್ಮ ಸಂತೆಗಳಲ್ಲೂ ಕೈಯಿಂದ ಕೈಗೆ ಓಡಾಡಿದೆ. ಪಣಜಿ ಸ್ಟ್ಯಾಂಡಿನಲ್ಲಿ ಬಸ್ಸಿನ ಮೇಲೆ 'ಕದಂಬ' ಅಂತ ಓದಿದಾಗ ಇದು ನೆನಪಿರಲಿ.

ವಿಜಯಪುರದ ಆದಿಲಶಾಹಿ ಅಲ್ಲೂ ಇದ್ದರಾ?

ಇದ್ದರು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವಾ ಗೆದ್ದದ್ದು ಅವರಿಂದಲೇ. ಒಂದು ಸಲ ಗೆದ್ದು, ಕೆಲವೇ ತಿಂಗಳಲ್ಲಿ ಕಳೆದುಕೊಂಡು, ನವೆಂಬರ್ 25ಕ್ಕೆ ಮತ್ತೆ ಗೆದ್ದ. ಹಳೇ ಗೋವಾದ ಧಕ್ಕೆಗೆ ಹೋಗುವಾಗ ವೈಸ್‌ರಾಯ್ ಕಮಾನು ಸಿಗುತ್ತದೆ, ಎಲ್ಲರೂ ಅಲ್ಲೇ ಫೋಟೋ ಹೊಡೆಸಿಕೊಳ್ಳುತ್ತಾರೆ. ಹತ್ತಿರದ ಸೇಂಟ್ ಕಜೆತಾನ್ ಚರ್ಚಿನ ಅಂಗಳದಲ್ಲಿ ಕರಿಕಲ್ಲಿನ ಒಂಟಿ ಬಾಗಿಲು ನಿಂತಿದೆ. ಆದಿಲ್ ಶಾನ ಅರಮನೆಯಲ್ಲಿ ಉಳಿದದ್ದು ಅದೊಂದೇ. ಜಾಲಂದ್ರದ ಕೆತ್ತನೆ ನೋಡಿ. ಅದರ ಮುಂದೆ ನಿಂತ ವಿಜಯಪುರದ ನನ್ನ ಗೆಳೆಯ ಐದು ನಿಮಿಷ ಮಾತೇ ಆಡಲಿಲ್ಲ. ಅವನ ಮಟ್ಟಿಗೆ ಅದು ದಾಖಲೆ.

ಮಾಂಡವಿನೂ ಮಹದಾಯಿನೂ ಒಂದೇನಾ?

ಒಂದೇ. ಹುಟ್ಟುವುದು ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ. ನಮಗೆ ಮಹದಾಯಿ ಅಂದರೆ ಕಳಸಾ ಬಂಡೂರಿ, ಬಂದ್, ಕೋರ್ಟು. ಅವರಿಗೆ ಗದ್ದೆ, ಮೀನು, ಫೆರಿ. ದಿವಾರ್‌ನಲ್ಲಿ ಈ ಮಾತು ಬಂದರೆ ವಾದಕ್ಕೆ ಇಳಿಯಬೇಡಿ. ಅವರು ಹೇಳುವುದನ್ನು ಕೇಳಿ. ಹೊಳೆಗೆ ಸಿಹಿನೀರು ಕಮ್ಮಿಯಾದರೆ ಉಪ್ಪು ಎಲ್ಲಿಯವರೆಗೆ ಏರುತ್ತದೆ ಅನ್ನುವುದು ಒಡ್ಡಿನ ಮೇಲೆ ನಿಂತಾಗಲೇ ನನಗೆ ತಲೆಗೆ ಹೋದದ್ದು. ನರಗುಂದ, ನವಲಗುಂದದ ಬಾಯಾರಿಕೆ ಅದರಿಂದ ಸುಳ್ಳಾಗಲಿಲ್ಲ. ಎರಡೂ ತಲೆಯಲ್ಲಿ ಇಟ್ಟುಕೊಂಡು ವಾಪಸ್ ಬಂದೆ.

ಈಗಿನ ಕಾಲದಾಗ ಒಂದು ಬ್ರಿಜ್ ಯಾಕ ಕಟ್ಟಂಗಿಲ್ಲ?

ದ್ವೀಪದವರಲ್ಲೇ ಎರಡು ಮಾತಿದೆ. ರಾತ್ರಿ ಹೆರಿಗೆ ನೋವು ಬಂದವರಿಗೆ, ಬೆಳಿಗ್ಗೆ ಆಫೀಸಿಗೆ ಓಡುವವರಿಗೆ ಸೇತುವೆ ಬೇಕು. ಸೇತುವೆ ಬಂದರೆ ರಿಸಾರ್ಟ್ ಬರುತ್ತದೆ, ಗದ್ದೆ ಹೋಗುತ್ತದೆ ಅನ್ನುವವರಿಗೆ ಬೇಡ. ಎರಡು ದಿನ ಬಂದು ಹೋಗುವ ನಾನು "ಬೇಡವೇ ಬೇಡ, ಹೀಗೇ ಚೆಂದ" ಅನ್ನುವುದು ಸುಲಭ. ಒಮ್ಮೆ ಹಾಗೇ ಅಂದೆ ಕೂಡ, ನಾವು ಉಳಿದಿದ್ದ ಮನೆಯ ಯಜಮಾನನ ಮುಂದೆ. ಆತ ನಗುತ್ತಾ ಗಡಿಯಾರ ನೋಡಿದ. "ನಿಮ್ಮ ಫೆರಿಗೆ ಹೊತ್ತಾಯಿತು. ಇದು ತಪ್ಪಿದರೆ ಇಲ್ಲೇ ಇರಬೇಕಾಗುತ್ತದೆ ನೋಡಿ" ಅಂದ. ನಾನು ಬ್ಯಾಗು ಎತ್ತಿಕೊಂಡು ಧಕ್ಕೆಗೆ ಓಡಿದೆ.